ನೀರುಗಂಟಿ ಅಪ್ಪನ ಜೊತೆ ಅಯ್ಯನಕೆರೆಗೆ

ತಮ್ಮ ಮಂಜ ಬೈಕಿನಲ್ಲಿ ಮೊದಲು ಅಪ್ಪನನ್ನು, ಆಮೇಲೆ ನನ್ನನ್ನು ತಂದು ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ಬಿಟ್ಟ. ನಾನು ಇಳಿಯುವ ಹೊತ್ತಿಗೆ ಅಪ್ಪ ತರೀಕೆರೆ ಬಸ್ಸಿನ ಸೀಟಿಗೆ ಟವೆಲ್ ಹಾಕಿ, ಮತ್ತೆ ಕೆಳಗಿಳಿದು, ಡ್ರೈವರ್ ಜೊತೆ ಮಳೆಯ ವಿಚಾರ ಮಾತಾಡುತ್ತಿದ್ದ. ಮಂಗಳವಾರದ ಬೆಳಗು. ಮೋಡ ಮುಚ್ಚಿತ್ತು, ಹನಿ ಇರಲಿಲ್ಲ. ಈರುಳ್ಳಿ ಮೂಟೆ ಹೇರಿದ ಲಾರಿಗಳು ಸಾಲಾಗಿ ನಿಂತು ಬೀದಿಗೆಲ್ಲ ವಾಸನೆ ಹಿಡಿದಿತ್ತು. ಮಂಜ ನನ್ನ ಕಿವಿಯ ಹತ್ತಿರ ಬಾಗಿ, "ಅಕ್ಕಾ, ಹುಷಾರು ಕಣೇ. ಅಪ್ಪ ಮನ್ಸಲ್ಲಿ ಏನೋ ಇಟ್ಕಂಡೇ ಹೊಂಟವ್ನೆ" ಎಂದ. "ನಂಗೊತ್ತು, ನೀನ್ ಹೋಗು" ಎಂದು ಗದರಿ ಕಳಿಸಿದೆ. ನನಗೂ ಅದೇ ಭಯವಿತ್ತು.

ನಾವು ಹೊರಟದ್ದು ಕಾಶಿಗೇನೂ ಅಲ್ಲ. ಅಜ್ಜಂಪುರದಿಂದ ತರೀಕೆರೆ, ಅಲ್ಲಿಂದ ಕಡೂರು, ಕಡೂರಿನಿಂದ ಸಖರಾಯಪಟ್ಟಣ, ಅಲ್ಲಿಂದ ಅಯ್ಯನಕೆರೆ. ಗಟ್ಟಿಮುಟ್ಟಾದವರು ಬೆಳಿಗ್ಗೆ ಹೊರಟು ಸಂಜೆ ಹೊತ್ತಿಗೆ ವಾಪಸ್ ಬಂದಾರು. ಅಪ್ಪನಿಗೆ ಮಾತ್ರ ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ಯಾವ ತಿರುಗಾಟವಿದ್ದರೂ ಅದರ ನಡುವೆಯೇ ಮುಗಿಯಬೇಕು. ಹಾಗಾಗಿ ಮಂಗಳವಾರ ತರೀಕೆರೆಯಲ್ಲಿ ಡಯಾಲಿಸಿಸ್ ಮುಗಿಸಿ, ರಾತ್ರಿ ನಮ್ಮ ಮನೆಯಲ್ಲಿ ಉಳಿದು, ಬುಧವಾರ ಕೆರೆ ನೋಡಿ ಬರುವುದೆಂದು ತೀರ್ಮಾನವಾಗಿತ್ತು. ನನ್ನನ್ನು ಕೊಟ್ಟಿರುವುದು ತರೀಕೆರೆಗೆ. ಅಲ್ಲಿ ಬ್ಲೌಸ್ ಹೊಲಿದುಕೊಂಡಿರುತ್ತೇನೆ; ಅಪ್ಪನನ್ನು ಕರೆದೊಯ್ಯಲು ಹಿಂದಿನ ದಿನ ಊರಿಗೆ ಬಂದಿದ್ದೆ.

ಬೀಪಿ ಒಳಗೊಳಗೇ ಅಪ್ಪನ ಎರಡೂ ಕಿಡ್ನಿಗಳನ್ನು ತಿಂದುಹಾಕಿ ವರ್ಷವಾಗುತ್ತ ಬಂದಿತ್ತು. ಶಿವಮೊಗ್ಗದ ಡಾಕ್ಟರು, ಡಯಾಲಿಸಿಸ್ಸಿನಲ್ಲಿ ಎಷ್ಟು ದಿನ ನೂಕುತ್ತೀರಿ, ಮನೆಯವರದೇ ಒಂದು ಕಿಡ್ನಿ ಹಾಕಿಸಿಕೊಳ್ಳಿ ಎಂದಿದ್ದರು. ಅವ್ವನಿಗೆ ಸಕ್ಕರೆ ಕಾಯಿಲೆ. ಮಂಜನದು ಹೊಂದಲಿಲ್ಲ. ನನ್ನದು ಹೊಂದಿತು. ನನ್ನ ಗಂಡ ಎರಡು ರಾತ್ರಿ ನಿದ್ದೆಗೆಟ್ಟು ಕೊನೆಗೆ, "ನಿಮ್ಮಪ್ಪ ಅಂದ್ರೆ ನಂಗೂ ಅಪ್ಪನೇ" ಎಂದರು. ಎಲ್ಲರೂ ಒಪ್ಪಿದ ಮೇಲೆ ಅಪ್ಪ ಒಲ್ಲೆ ಎಂದ. ಹೆಣ್ಣುಮಗಳ ಹೊಟ್ಟೆ ಕುಯ್ಸಿ ನಾನು ಬದುಕಬೇಕಾ ಎಂಬುದು ಅವನ ಒಂದೇ ಮಾತು. ಶುಕ್ರವಾರದೊಳಗೆ ಹೌದೋ ಅಲ್ಲವೋ ಹೇಳಿಬಿಡಿ ಎಂದು ಡಾಕ್ಟರು ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಅಯ್ಯನಕೆರೆ ತುಂಬಿ ಕೋಡಿ ಬಿದ್ದ ಸುದ್ದಿ ಬಂತು. "ಅದನ್ನೊಂದ್ ನೋಡ್ಕಂಡು ಬರನ ಪುಟ್ಟೀ, ಆಮೇಲೆ ಡಾಕ್ಟ್ರಿಗೆ ಹೇಳ್ತೀನಿ" ಎಂದ. ಕಾಯಿಲೆಯವರು ಅದೊಂದು ನೋಡಬೇಕು, ಇದೊಂದು ತಿನ್ನಬೇಕು ಎನ್ನತೊಡಗಿದರೆ ಮನೆಯವರು ಏನೆಂದುಕೊಳ್ಳುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ.

ಬಸ್ಸು ಹೊರಟಿತು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿ ಟಿಕೆಟ್ ಹರಿದುಕೊಟ್ಟ. ಅಪ್ಪನಿಗೆ ದುಡ್ಡು. "ನೋಡು, ಸರ್ಕಾರಕ್ಕೂ ನಾನೇ ಮೇಲು" ಎಂದು ರೇಗಿಸಿದೆ. "ಮೇಲಲ್ದೆ ಇನ್ನೇನು, ಕೂತ್ಕ" ಎಂದ. ತರೀಕೆರೆಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ದಾರಿಯುದ್ದಕ್ಕೂ ಈರುಳ್ಳಿ ಕೀಳುವವರು, ಒದ್ದೆ ರಾಗಿ ಹೊಲ. ಅಪ್ಪ ಪ್ರತಿ ಕಟ್ಟೆ, ಪ್ರತಿ ಹಳ್ಳಕ್ಕೂ ಕತ್ತು ಹೊರಳಿಸಿ ನೋಡಿದ. ಒಂದು ಸಣ್ಣ ಕೆರೆಯ ಏರಿಯ ಮೇಲೆ ಲಂಟಾನ ಬೆಳೆದಿದ್ದಕ್ಕೆ, "ಥೂ, ಬೇರು ಇಳಿದ್ರೆ ಏರಿ ಉಳಿಯತ್ತಾ?" ಎಂದು ಅಷ್ಟು ದೂರದಿಂದಲೇ ಯಾರನ್ನೋ ಬೈದ.

ಅಪ್ಪ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತಿ ಕೆರೆಯ ನೀರು ಬಿಡುವುದು, ಯಾರ ಗದ್ದೆಗೆ ಯಾವತ್ತು ಎಷ್ಟು ಹೊತ್ತು ಎಂದು ಪಾಳಿ ಹಾಕುವುದು, ಜಗಳ ಬಿಡಿಸುವುದು ಅವನ ಕೆಲಸ. ತಾತನೂ ಅದನ್ನೇ ಮಾಡಿದವನು. ಈಗ ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತಾನೆ. ನಮ್ಮೂರಲ್ಲಿ ನೀರು ಕಡಿಮೆ ಇದ್ದಾಗ ಮೊದಲು ಕಟ್ಟಕಡೆಯ ಗದ್ದೆಗೆ ಬಿಡಬೇಕು, ಆಮೇಲೆ ಮೇಲೆ ಮೇಲಕ್ಕೆ ಬರಬೇಕು. ಇಲ್ಲದಿದ್ದರೆ ಕೊನೆಯವನಿಗೆ ಏನೂ ಮುಟ್ಟುವುದಿಲ್ಲ. ಎಲ್ಲರದೂ ಆದ ಮೇಲೆ ನೀರುಗಂಟಿಯ ಗದ್ದೆ. ನಾನು ಸಣ್ಣವಳಿದ್ದಾಗ ಒಂದು ವರ್ಷ ಕೆರೆಯಲ್ಲಿ ಮೊಣಕಾಲುದ್ದ ನೀರಿತ್ತು. ನಮ್ಮ ಗದ್ದೆಗೂ ತೂಬಿಗೂ ಒಂದು ಕೂಗಿನ ದೂರ. ಅವ್ವ ಅಡ್ಡ ನಿಂತು, "ಒಂದ್ ಗಳಿಗೆ ಮಡೆ ತಿರುಗ್ಸಿದ್ರೆ ನಿಮ್ಮಪ್ಪನ ಗಂಟು ಹೋಯ್ತದಾ?" ಎಂದು ಕೂಗಾಡಿದಳು. ಅಪ್ಪ ತಿರುಗಿಸಲಿಲ್ಲ. ನಮ್ಮ ಭತ್ತ ಬೆಳ್ಳಗಾಯಿತು. ಕೊಯ್ಲಾದ ಮೇಲೆ ಊರವರು ಮನೆಗೊಂದು ಹೊರೆ ತಂದು ನಮ್ಮ ಕಣದಲ್ಲಿ ಹಾಕಿಹೋದರು. ಅವ್ವ ಎಷ್ಟೋ ದಿನ ಅಪ್ಪನ ಜೊತೆ ಮುಖ ಕೊಟ್ಟು ಮಾತಾಡಿರಲಿಲ್ಲ.

ಅಂಥ ಮನುಷ್ಯನಿಗೆ ಡಾಕ್ಟರು ದಿನಕ್ಕೆ ಒಂದೇ ಲೀಟರ್ ನೀರು ಎಂದು ಕಟ್ಟುಮಾಡಿದ್ದರು. ಸಾರು, ಮಜ್ಜಿಗೆ, ಕಾಫಿ ಎಲ್ಲ ಸೇರಿ. ಡಯಾಲಿಸಿಸ್ಸಿಗೆ ಬರುವವರಲ್ಲಿ ಈ ಬಾಯಾರಿಕೆಗೆ ಸೋಲದವರು ಕಡಿಮೆ. ಕದ್ದು ಕುಡಿದು ಕಾಲು, ಮುಖ ಊದಿಸಿಕೊಂಡು ಬಂದು ನರ್ಸಿನ ಹತ್ತಿರ ಬೈಸಿಕೊಳ್ಳುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅಪ್ಪನ ಲೆಕ್ಕ ಬೇರೆ. ಬೆಳಿಗ್ಗೆ ಎದ್ದು ಒಂದು ಲೀಟರ್ ಬಾಟಲಿ ತುಂಬಿಸುತ್ತಾನೆ. ಮೊದಲು ರಾತ್ರಿಯ ಪಾಲನ್ನು ಬೇರೆ ಸಣ್ಣ ಬಾಟಲಿಗೆ ಬಗ್ಗಿಸಿ ಮುಚ್ಚಿಡುತ್ತಾನೆ. "ಕಡೆಗದ್ದೆ ಮೊದ್ಲು" ಎನ್ನುತ್ತಾನೆ. ಆಮೇಲೆ ಸಂಜೆಯದು, ಮಧ್ಯಾಹ್ನದ್ದು. ಕೊನೆಗೆ ಉಳಿದಷ್ಟು ಬೆಳಗಿನದು. ಒಂದು ದಿನವೂ ರಾತ್ರಿಯ ಬಾಟಲಿಗೆ ಹಗಲು ಕೈ ಹಾಕಿದ್ದು ನಾನು ಕಂಡಿಲ್ಲ. ಊರು ಕೇರಿಯವರೆಲ್ಲ ಸುತ್ತ ನಿಂತು ಕಾಯುತ್ತಿದ್ದ ಕಾಲದಲ್ಲಿ ನಿಯತ್ತಾಗಿರುವುದು ಒಂದು ಮಾತು. ಯಾರೂ ನೋಡದ ಕಡೆ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಾಗ, ತನ್ನ ನೀರನ್ನು ತನ್ನಿಂದಲೇ ಕಾಯುವುದೆಂದರೇನು?

ತರೀಕೆರೆಯಲ್ಲಿ ಡಯಾಲಿಸಿಸ್ ನಾಲ್ಕು ಗಂಟೆ ಹಿಡಿಯಿತು. ಅದಕ್ಕೆಂದೇ ಎಡಗೈಯಲ್ಲಿ ನಾಳ ಕೂಡಿಸಿದ್ದಾರೆ. ಮೇಲೆ ಬೆರಳಿಟ್ಟರೆ ರಕ್ತ ಗುಂಯ್ ಎಂದು ಹರಿಯುವುದು ಗೊತ್ತಾಗುತ್ತದೆ. "ತೂಬಿನ ಕಲ್ಲಿನ ಮೇಲೆ ಕೈ ಮಡಗಿದಂಗೆ ಆಯ್ತದೆ" ಎಂದು ಅಪ್ಪ ಮೊದಲನೇ ದಿನವೇ ನನಗೆ ಮುಟ್ಟಿಸಿ ತೋರಿಸಿದ್ದ. ಹೆದರಿಕೆಯ ಜಾಗದಲ್ಲಿ ಅವನಿಗೆ ಕುತೂಹಲ. ಯಂತ್ರದ ಕೊಳವೆಗಳಲ್ಲಿ ತನ್ನ ರಕ್ತ ಹೋಗಿ ಬರುವುದನ್ನು ಕಾಲುವೆ ನೋಡುವವನಂತೆ ನೋಡುತ್ತಾ ಮಲಗಿದ್ದ. ಮುಗಿದ ಮೇಲೆ ಮಾತ್ರ ಜೀವವೇ ಹಿಂಡಿ ತೆಗೆದಂತೆ ಸುಸ್ತು. ಆಟೋದಲ್ಲಿ ಮನೆಗೆ ಕರೆತಂದು, ಉಪ್ಪು ಕಡಿಮೆ ಹಾಕಿದ ಅನ್ನ, ಹೀರೇಕಾಯಿ ಪಲ್ಯ ಬಡಿಸಿದೆ. ನಾಲ್ಕು ತುತ್ತು ತಿಂದು ಮಲಗಿದ.

ಬುಧವಾರ ಬೆಳಿಗ್ಗೆ ಹೊಸ ಮನುಷ್ಯನಾಗಿದ್ದ. ತಲೆಗೆ ಟವೆಲ್ ಸುತ್ತಿಕೊಂಡು, "ಏಳು ಗಂಟೆ ಬಸ್ಸು ತಪ್ಪೋಯ್ತದೆ ಕಣೇ, ನಿನ್ ಜಡೆ ಆಮೇಲೆ ಹಾಕ್ಕಳೆ" ಎಂದು ಅವಸರಿಸಿದ. ಬೀರೂರು ದಾಟಿ ಕಡೂರಿಗೆ ಹೋದೆವು. ಬೀರೂರಿನಿಂದ ಆಚೆ ಎಲ್ಲೆಲ್ಲೂ ತೆಂಗು. ರಸ್ತೆ ಬದಿಯಲ್ಲಿ ಎಳನೀರಿನ ರಾಶಿ. ಅಪ್ಪ ಎಳನೀರು ಮುಟ್ಟುವಂತಿಲ್ಲ, ಬಾಳೆಹಣ್ಣು ಮುಟ್ಟುವಂತಿಲ್ಲ. ಆರೋಗ್ಯವಂತರಿಗೆ ಬಲ ಕೊಡುವುದೆಲ್ಲ ಅವನಿಗೆ ವಿಷ. ಅವನು ಆ ಕಡೆ ನೋಡದಿರಲೆಂದು ನಾನು ಬೇರೆ ಮಾತು ತೆಗೆದೆ. ಅಪ್ಪನೇ, "ಏನ್ ಕಾಯಿ ಕಚ್ಚೈತೆ ನೋಡೇ ಈ ಸಲ!" ಎಂದು ಕೈಯೆತ್ತಿ ತೋರಿಸಿದ.

ಕಡೂರಿನಲ್ಲಿ ಹೋಟೆಲಿಗೆ ಹೋದೆವು. ಕೂತ ತಕ್ಷಣ ಮಾಣಿ ನಮ್ಮಿಬ್ಬರ ಮುಂದೆ ಎರಡು ಲೋಟ ನೀರು ಕುಕ್ಕಿದ. ಅಪ್ಪ ತನ್ನ ಲೋಟವನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದ. ಇಡ್ಲಿ ಬಂತು. ಅಪ್ಪ ಸಾಂಬಾರನ್ನು ಬಿಟ್ಟು ಚಟ್ನಿಯ ತುದಿಗೆ ಅದ್ದಿಕೊಂಡು ಎರಡು ತಿಂದ. ಮಾಣಿ ಲೋಟವಿಲ್ಲದ್ದು ನೋಡಿ ಇನ್ನೊಂದು ತಂದಿಟ್ಟ. ಅಪ್ಪ ಅದನ್ನೂ ಸರಿಸಿದ. "ಯಾಕ್ ಯಜಮಾನ್ರೇ, ನೀರ್ ಚೆನ್ನಾಗಿಲ್ವಾ? ಫಿಲ್ಟರ್ ನೀರು ಕಣ್ರೀ" ಎಂದ ಮಾಣಿ. "ಚೆನ್ನಾಗೈತೆ ಕಣಪ್ಪಾ, ನನ್ ಪಾಳಿ ಇನ್ನೂ ಬಂದಿಲ್ಲ" ಎಂದ ಅಪ್ಪ. ಮಾಣಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಮುಂದೆ ಮೂರು ಲೋಟ ಸೇರಿತ್ತು. ಒಂದನ್ನೂ ನಾನು ಮುಟ್ಟಲಿಲ್ಲ.

ಸಖರಾಯಪಟ್ಟಣಕ್ಕೆ ಚಿಕ್ಕಮಗಳೂರು ಬಸ್ಸು ಹತ್ತಿದೆವು. ಆ ಬಸ್ಸಿನಲ್ಲಿ ಕೇಳಿದೆ: "ಅಲ್ಲಪ್ಪಾ, ಇಷ್ಟ್ ಹತ್ರ ಇದ್ರೂ ಇಷ್ಟ್ ವರ್ಷದಲ್ಲಿ ಒಂದ್ ದಿನಾನೂ ಅಯ್ಯನಕೆರೆ ನೋಡ್ಲಿಲ್ವಾ ನೀನು?"

"ಬೇಸಿಗೇಲಿ ನೋಡಿವ್ನಿ. ಕೋಡಿ ಬಿದ್ದಾಗ ನೋಡಿಲ್ಲ" ಎಂದ. "ಹೆಂಗ್ ನೋಡಾದು? ಅಲ್ಲಿ ಕೋಡಿ ಬೀಳೋ ಕಾಲಕ್ಕೆ ನಮ್ ಕೆರೆನೂ ತುಂಬಿರ್ತದೆ. ಹಗಲೂ ರಾತ್ರಿ ಏರಿ ಕಾಯ್ಬೇಕು. ತುಂಬಿದ್ ಕೆರೆ ಬಿಟ್ಟು ನೀರುಗಂಟಿ ಊರು ದಾಟಂಗಿಲ್ಲ. ನಿಮ್ ತಾತನೂ ನೋಡ್ಲಿಲ್ಲ, ಹಂಗೇ ಹೋದ."

ಹಂಗೇ ಹೋದ ಎಂದಾಗ ನಾನು ಅವನ ಕೈ ಹಿಡಿದುಕೊಂಡೆ. ಎಡಗೈ. ಗುಂಯ್ ಎನ್ನುತ್ತಲೇ ಇತ್ತು.

ಸಖರಾಯಪಟ್ಟಣದಿಂದ ಆಟೋ. ಹೋಗಿ, ಕಾದು, ಕರೆತರಲು ಮುನ್ನೂರೈವತ್ತು ಎಂದವನನ್ನು ಮುನ್ನೂರಕ್ಕೆ ಇಳಿಸಿದೆ. ಜಿನುಗು ಮಳೆ ಶುರುವಾಯಿತು. ಏರಿಯ ಬುಡದಲ್ಲಿ ಇಳಿದ ಅಪ್ಪ ಮೊದಲು ಚಪ್ಪಲಿ ಬಿಟ್ಟ. "ಮುಳ್ಳೈತಪ್ಪಾ" ಎಂದೆ. "ಏರಿ ಮೇಲೆ ಚಪ್ಲಿ ಮೆಟ್ತಾರೇನೇ?" ಎಂದು ನನ್ನದನ್ನೂ ಬಿಡಿಸಿದ. ಬರಿಗಾಲಲ್ಲಿ ಇಬ್ಬರೂ ಹತ್ತಿದೆವು. ಅಪ್ಪ ಎರಡು ಕಡೆ ಕೂತು ಸುಧಾರಿಸಿಕೊಂಡ.

ಮೇಲೆ ಹತ್ತಿ ನಿಂತೆವು. ಅಬ್ಬಾ! ಕಣ್ಣು ಹಾಯುವಷ್ಟೂ ನೀರು. ಆಚೆ ದಡದಲ್ಲಿ ಬೆಟ್ಟ, ಬೆಟ್ಟದ ತಲೆಯ ಮೇಲೆ ಮೋಡ, ಅಷ್ಟೂ ನೀರಿನಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಮಳೆಹನಿ ಬಿದ್ದ ಕಡೆಯೆಲ್ಲ ಸಣ್ಣ ಬಳೆಗಳು. ಕೊಕ್ಕರೆಯೊಂದು ನಮ್ಮನ್ನು ಲೆಕ್ಕಕ್ಕೇ ಇಡದೆ ಹಾರಿಹೋಯಿತು. ನಾನು ನೀರು ನೋಡುವುದು ಬಿಟ್ಟು ಅಪ್ಪನನ್ನು ನೋಡಿದೆ. ದಿನಕ್ಕೊಂದು ಲೀಟರಿನ ಮನುಷ್ಯ ಅಷ್ಟು ನೀರಿನ ಎದುರು ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಕೈ ಮುಗಿದು ನಿಂತಿದ್ದ. ತುಟಿ ಒಣಗಿ ಬಿರಿದಿತ್ತು. ಮುಖದಲ್ಲಿ ಮಾತ್ರ ಆಸೆಯಿಲ್ಲ, ಸಂಕಟವಿಲ್ಲ. ನನ್ನ ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಹೇಗಿದ್ದನೋ ಹಾಗಿದ್ದ. "ಎಂಥಾ ಕೆರೆ ಕಟ್ಟವ್ರೆ ಪುಟ್ಟೀ! ಪುಣ್ಯಾತ್ಮರು" ಎಂದ. ನನಗೆ ಕೆರೆಯೂ ದೊಡ್ಡದು, ಅಪ್ಪನೂ ದೊಡ್ಡವನು ಅನಿಸಿ ಕಣ್ಣು ಮಂಜಾಯಿತು.

ಕೋಡಿಯ ಸದ್ದು ಕೇಳಿ ಅತ್ತ ನಡೆದೆವು. ತುಂಬಿದ ಕೆರೆ ಹೆಚ್ಚಾದ ನೀರನ್ನು ಹೊರಗೆ ಚೆಲ್ಲುವ ಜಾಗ ಅದು. ಬೆಳ್ಳಗೆ, ಅಗಲವಾಗಿ, ಕಲ್ಲಿನ ಮೇಲೆ ಹಾಯ್ದು ಕೆಳಗಿನ ಹಳ್ಳಕ್ಕೆ ಬೀಳುತ್ತಿತ್ತು. ಕೆಳಗೆ ಬಂಡೆಯ ಮೇಲೆ ಒಬ್ಬ ಅಜ್ಜಿ ಬಟ್ಟೆ ಒಗೆಯುತ್ತಿದ್ದಳು. ಅವಳಿಗಿಂತ ಕೆಳಗೆ ಟ್ರ್ಯಾಕ್ಟರಿನವನೊಬ್ಬ ಹಳ್ಳಕ್ಕೆ ಪೈಪ್ ಬಿಟ್ಟು, ಮೋಟಾರ್ ಹಾಕಿ, ದೊಡ್ಡ ಡ್ರಮ್ಮುಗಳಿಗೆ ನೀರು ತುಂಬಿಸುತ್ತಿದ್ದ. ಅದನ್ನು ಕಂಡದ್ದೇ ತಡ, ನಮ್ಮಪ್ಪನ ಮೈಮೇಲೆ ಏನು ಬಂತೋ! ನನ್ನ ಕೈ ಕೊಡವಿ ದಾಪುಗಾಲು ಹಾಕಿ ಹೋಗಿ, "ಏಯ್! ಯಾರ್ದಯ್ಯಾ ಇವತ್ತು ಪಾಳಿ? ಯಾರನ್ನ ಕೇಳಿ ನೀರೆತ್ತಿದೆ? ಆಫ್ ಮಾಡು ಮೋಟ್ರು!" ಎಂದು ಗುಡುಗಿದ.

ಟ್ರ್ಯಾಕ್ಟರಿನವನು ಗಾಬರಿಯಾಗಿ ನಿಜಕ್ಕೂ ಮೋಟಾರ್ ಆಫ್ ಮಾಡಿದ. ಅಜ್ಜಿ ಒಗೆಯುವುದು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಎಲ್ಲೀರಪ್ಪ ನೀವು? ಕೋಡಿ ನೀರಿಗೆ ಪಾಳಿ ಎಲ್ಲೈತ್ರೀ? ಬೇಕಾದೋರು ತಗಂಡೋಗ್ತಾರೆ."

ಅಪ್ಪ ನಿಂತಲ್ಲೇ ನಿಂತ. ಕೋಡಿಯನ್ನು ನೋಡಿದ, ಪೈಪನ್ನು ನೋಡಿದ. ಆಮೇಲೆ ಹಣೆ ಚಚ್ಚಿಕೊಂಡು ನಗತೊಡಗಿದ. "ಅಯ್ಯೋ, ತಪ್ಪಾಯ್ತು ಕಣವ್ವಾ. ನೀರುಗಂಟಿ ಚಾಳಿ, ಸುಡುಗಾಡಿಗೆ ಹೋದ್ರೂ ಬಿಡಲ್ಲ. ಹಾಕ್ಕಳಪ್ಪಾ ಮೋಟ್ರು, ಹಾಕ್ಕ." ಟ್ರ್ಯಾಕ್ಟರಿನವನೂ ನಕ್ಕ. ಅಪ್ಪ ಅಷ್ಟು ನಕ್ಕಿದ್ದನ್ನು ನೋಡಿ ವರ್ಷವಾಗಿತ್ತು.

ಬಂಡೆಯ ಮೇಲೆ ಕೂತು ಕಾಲು ನೀರಿಗೆ ಬಿಟ್ಟೆವು. ಅಪ್ಪ ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡು ಹಾಗೆಯೇ ಬಿಟ್ಟ. ಒಂದು ಹನಿ ನಾಲಿಗೆಗೆ ತಾಗಿಸಲಿಲ್ಲ. "ಅಲ್ಲಾ, ನಂಗೇ ಮರ್ತೋಯ್ತಲ್ಲ" ಎಂದ. "ತೂಬಿನ್ ನೀರಿಗೆ ಪಾಳಿ. ಇದು ಕೆರೆ ತನ್ ಹೊಟ್ಟೆ ತುಂಬಿದ್ ಮೇಲೆ ಬಿಡೋದು. ಇದನ್ನ ತಡೆದ್ರೆ ಏರಿಗೇ ಅಪಾಯ. ಯಾರು ತಗಂಡ್ರೂ ಕೆರೆಗೇನೂ ಕಮ್ಮಿ ಆಗಲ್ಲ."

ನಾನು ಬಿಟ್ಟೇನೆಯೇ? "ಅಪ್ಪಾ, ನಂಗೆ ಎರಡೈತೆ. ಒಂದಿದ್ರೆ ಸಾಕು ಅಂತ ಡಾಕ್ಟ್ರೇ ಹೇಳವ್ರೆ. ಇನ್ನೊಂದು ಕೋಡಿ ನೀರು ಅಂದ್ಕ. ನೀನು ತಗಂಡ್ರೆ ನಂಗೇನ್ ಕಮ್ಮಿ ಆಯ್ತದೆ?"

ಅಪ್ಪನ ನಗು ನಿಂತಿತು. ಕಾಲನ್ನು ನೀರಿನಿಂದ ಮೇಲೆತ್ತಿಕೊಂಡು ಹೇಳಿದ: "ಮಾತಲ್ಲಿ ನಿನ್ನ ಯಾರ್ ಗೆಲ್ತಾರೆ. ಆದ್ರೆ ಕೇಳು. ಕೆರೆಗೆ ಬರೋ ವರ್ಷ ಮಳೆ ಬತ್ತದೆ, ತಿರುಗಾ ತುಂಬತ್ತೆ. ನಿಂಗೆ ತಿರುಗಾ ತುಂಬತ್ತಾ? ನಾಳೆ ನಿಂಗೇ ಬೇಕಾದ್ರೆ? ನಿನ್ ಮಗಳಿಗೆ ಬೇಕಾದ್ರೆ ಏನ್ ಕೊಡ್ತೀಯ? ಅವತ್ತು ನಾನಿರಲ್ಲ, ನಿನ್ ಶಾಪ ಇರತ್ತೆ."

ದಾರಿಯುದ್ದಕ್ಕೂ ಹಿಡಿದಿಟ್ಟುಕೊಂಡದ್ದೆಲ್ಲ ಒಂದೇ ಸಲ ಬಂತು. ಅಜ್ಜಿ ನೋಡುತ್ತಿದ್ದಾಳೆ ಎಂಬ ನಾಚಿಕೆಯನ್ನೂ ಬಿಟ್ಟು ಕೂಗಿಬಿಟ್ಟೆ. "ನಂಗೊತ್ತಿಲ್ಲಪ್ಪಾ! ನಾಳೆ ಏನಾಯ್ತದೋ ಯಾವನಿಗ್ ಗೊತ್ತು? ನಂಗೆ ನೀನ್ ಬೇಕು, ಅಷ್ಟೇ. ಊರಿನ್ ಗದ್ದೆಗೆಲ್ಲಾ ನೀರ್ ಬಿಟ್ಟಾಯ್ತು, ಎಲ್ಲಾರ್ ಪಾಳಿನೂ ಮುಗೀತು. ಈಗ್ಲಾದ್ರೂ ನಿನ್ ಗದ್ದೆಗೆ ತಿರುಗಿಸ್ಕಳಪ್ಪ. ಅವತ್ತು ಅವ್ವ ಕೇಳಿದ್ಳು, ನೀನ್ ಕೇಳ್ಲಿಲ್ಲ. ಇವತ್ತು ನಾನ್ ಕೇಳ್ತಿದೀನಿ."

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟ, ಮುಖ ಒರೆಸಿಕೊಳ್ಳಲು. ಅಜ್ಜಿ ಹಿಂಡಿದ ಸೀರೆಯನ್ನು ಬುಟ್ಟಿಗೆ ಹಾಕಿ, "ಮಗಳಾ?" ಎಂದು ಅಪ್ಪನನ್ನು ಕೇಳಿದಳು. "ಹೂಂ ಕಣವ್ವಾ, ಒಬ್ಳೇ ಮಗಳು" ಎಂದ. ಆಟೋದವನು ಏರಿಯ ಮೇಲಿನಿಂದ ಹಾರನ್ ಹೊಡೆದ.

ವಾಪಸ್ ಸಖರಾಯಪಟ್ಟಣ, ಅಲ್ಲಿಂದ ಕಡೂರು. ಮಳೆ ಜೋರಾಗಿ ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಒಳಗೆ ಒದ್ದೆ ಕೊಡೆಗಳ ವಾಸನೆ, ಕಾಲೇಜು ಹುಡುಗಿಯರ ಗಲಾಟೆ. ಕಡೂರಿನಲ್ಲಿ ತರೀಕೆರೆ ಬಸ್ಸಿಗೆ ಅರ್ಧ ಗಂಟೆ ಕಾದೆವು. ಅಪ್ಪ ಮಧ್ಯಾಹ್ನದ ಪಾಲಿನ ನೀರಿನಲ್ಲಿ ಮಾತ್ರೆ ನುಂಗಿದ. ನನಗೆ ಮಾತಾಡಿದರೆ ಮತ್ತೆ ಜಗಳವಾದೀತು ಎಂದು ಹೆದರಿಕೆ, ಮಾತಾಡದಿದ್ದರೆ ಶುಕ್ರವಾರ ಬಂದುಬಿಟ್ಟೀತು ಎಂದು ಹೆದರಿಕೆ. ಬಸ್ಸು ಹತ್ತಿದ ಮೇಲೆ ಅಪ್ಪ ಕಣ್ಣು ಮುಚ್ಚಿದ. ನಿದ್ದೆ ಬಂತೆಂದುಕೊಂಡೆ.

ಬೀರೂರು ದಾಟಿದ ಮೇಲೆ, ಕಣ್ಣು ತೆರೆಯದೆಯೇ ಕೇಳಿದ: "ಪುಟ್ಟೀ, ಆಪ್ರೇಷನ್ ಆದ್ಮೇಲೆ ನೀನು ಎಷ್ಟ್ ದಿನ ಬಿಂದಿಗೆ ಎತ್ತಂಗಿಲ್ಲ?"

"ಎರಡು ಮೂರು ತಿಂಗ್ಳು ಭಾರ ಎತ್ತಬಾರ್ದು ಅಂದವ್ರೆ" ಎಂದೆ.

"ನಿಮ್ ಬೀದಿ ನಲ್ಲೀಲಿ ದಿನಾ ನೀರ್ ಬತ್ತದಾ, ದಿನ ಬಿಟ್ಟು ದಿನಾನಾ?"

"ದಿನ ಬಿಟ್ಟು ದಿನ."

"ಸರಿ ಹಂಗಾರೆ. ಅಷ್ಟ್ ದಿನ ನಿಮ್ಮನೇಲೇ ಇರ್ತೀನಿ. ನೀರು ನಾನ್ ಹೊರ್ತೀನಿ."

"ನಿನ್ನೂ ಕುಯ್ದಿರ್ತಾರೆ ಕಣಪ್ಪಾ!" ಎಂದೆ, ಬಸ್ಸಿನವರೆಲ್ಲ ತಿರುಗಿ ನೋಡುವಂತೆ.

ಅಪ್ಪ ಕಣ್ಣು ಬಿಟ್ಟ. "ಹೌದಲ್ವಾ" ಎಂದು ಗಂಭೀರವಾಗಿ ಯೋಚಿಸಿದ. "ಹಂಗಾರೆ ನಿನ್ ಗಂಡ ಹೊರ್ಲಿ. ನಾನು ಮಂಚದ್ ಮೇಲೆ ಕೂತು ಪಾಳಿ ಹೇಳ್ತೀನಿ."